ಅಮಾವಾಸ್ಯೆಯಂದು ಅಳೆದ ಜಾಗ

ನಾನು ಒಂದು ಬೆಂಚು. ಹಾಗೆಂದು ಹೇಳಿಕೊಳ್ಳಲೂ ನನಗೆ ನಾಚಿಕೆ. ಯಂತ್ರಗಳನ್ನು ತುಂಬಿಕೊಂಡು ಬಂದ ಪೆಟ್ಟಿಗೆಗಳ ಹಳೇ ಹಲಗೆಗಳೇ ನನ್ನ ಮೈ. ಧಾರವಾಡದ ಒಂದು ಕಾಲೇಜಿನ ಅಂಗಳದಲ್ಲಿ, ಕಟ್ಟಡ ವಿನ್ಯಾಸ ಓದುವ ವಸುಂಧರಾ ಮತ್ತವಳ ಗೆಳತಿಯರು ನನಗೆ ಮೊಳೆ ಹೊಡೆದು, ಹಳದಿ ಬಣ್ಣ ಬಳಿದರು. ಗಾಡಿಗಳು ನುಂಗಿದ ಬೀದಿಯನ್ನು ನಡೆಯುವವರಿಗೆ ಮರಳಿಸಬೇಕು ಎಂಬುದು ಅವರ ಆಸೆ. ನಾನಂತೂ ಹುಟ್ಟುವಾಗಲೇ ಬೀಗಿದ್ದೆ.

ಮಾರುಕಟ್ಟೆಯ ಬೀದಿಯಲ್ಲಿ, ಬೇವಿನ ಮರದ ನೆರಳಿಗೆ ನನ್ನನ್ನು ತಂದು ಬೋಲ್ಟು ಬಿಗಿದರು. ಪಕ್ಕದಲ್ಲೊಂದು ಫಲಕ ನಿಲ್ಲಿಸಿದರು: 'ಇದು ಎಲ್ಲರ ಜಾಗ. ಇಲ್ಲಿ ವ್ಯಾಪಾರ ಮಾಡಬಾರದು.'

ಮರುದಿನ ಬೆಳಿಗ್ಗೆ ಹೂ ಮಾರುವ ಮುದುಕಿ ನಿಂಬೆವ್ವ ಬುಟ್ಟಿ ಹೊತ್ತು ಬಂದು ನನ್ನೆದುರು ನಿಂತಳು.

"ಅಯ್ಯ ಶಿವನ, ಇದೆಲ್ಲಿಂದ ಬಂತು ಇಲ್ಲಿ?"

ನಾನು ಕಾಲೂರಿದ್ದು ಅವಳು ದಿನಾ ಕೂರುತ್ತಿದ್ದ ಜಾಗದಲ್ಲೇ! ಹಾಗಾದರೆ ಹುಡುಗಿಯರು ಅವಳನ್ನು ನೋಡಿರಲಿಲ್ಲವೆ? ಇಲ್ಲ. ಅವರು ಅಳೆಯಲು ಬಂದದ್ದು ಅಮಾವಾಸ್ಯೆಯ ದಿನ. ಅಂದು ಹೂವಿನವರೆಲ್ಲ ಗುಡಿಯ ಬಾಗಿಲಿಗೆ ಹೋಗಿ ಕೂರುತ್ತಾರೆ. ಖಾಲಿ ಜಾಗ ಸಿಕ್ಕಿತೆಂದು ಇವರು ಖುಷಿಯಿಂದ ಟೇಪು ಹಿಡಿದಿದ್ದರು.

ನಿಂಬೆವ್ವ ಎದುರಿನ ಬಿಸಿಲಿಗೆ ಹೋದಳು. ಮಧ್ಯಾಹ್ನದೊಳಗೆ ಮಲ್ಲಿಗೆ ಕಂದುತ್ತಿತ್ತು, ಕಂದಿದ್ದನ್ನು ಯಾರು ಕೊಳ್ಳುತ್ತಾರೆ? ನನ್ನ ಮೇಲೆ ಜನ ಐಸ್‌ಕ್ರೀಮ್ ತಿನ್ನುತ್ತ ಕೂತಿರುತ್ತಿದ್ದರು. ಪತ್ರಿಕೆಯವರು ಬಂದು ನನ್ನ ಫೋಟೋ ತೆಗೆದರು. ಛೀ, ನನ್ನ ಬಾಳಿಗಿಷ್ಟು!

ಒಂದು ದಿನ ವಸುಂಧರಾ ಹೂ ಕೊಳ್ಳಲು ನಿಂಬೆವ್ವನೆದುರು ನಿಂತಳು.

"ಬಿಸಲಾಗ ಯಾಕ್ರಿ ಅಜ್ಜಿ? ನೆರಳಿಗೆ ಕುಂದರಬಾರದೇನ್ರಿ?"

"ಹೆಂಗ ಕುಂದರಲಿ ತಂಗಿ? ನನ್ನ ನೆರಳಿನ್ಯಾಗ ನಿಮ್ಮ ಬೆಂಚ್ ಕುಂತೈತಿ."

ವಸುಂಧರಾಳ ಮುಖ ಸಪ್ಪಗಾಯಿತು. "ತಪ್ಪಾತ್ರಿ" ಎಂದಷ್ಟೇ ಹೇಳಿದಳು. ಸಂಜೆ ಗೆಳತಿಯರನ್ನು ಕರೆತಂದು ಫಲಕ ಕಿತ್ತಳು, ಬೋಲ್ಟು ಬಿಚ್ಚಿದಳು. ನನ್ನ ಕಾಲು ಕತ್ತರಿಸಿ, ಹಲಗೆಯನ್ನು ಮರದ ಬುಡಕ್ಕೆ ಹಾಸಿದಳು. ನೋವಾಯಿತು, ಆದರೆ ಮೊದಲ ಸಲ ಉಸಿರು ಹಗುರಾಯಿತು.

ಈಗ ನನಗೆ ವಯಸ್ಸಾಗಿದೆ. ಬಣ್ಣ ಹೋಗಿದೆ, ಅಂಚನ್ನು ಗೆದ್ದಲು ತಿಂದಿದೆ. ನಿಂಬೆವ್ವನ ಬುಟ್ಟಿ ನನ್ನ ಮೇಲೆಯೇ ಇರುತ್ತದೆ. ಬೆಳಿಗ್ಗೆ ಬಂದವಳೇ ಸೆರಗಿನಿಂದ ನನ್ನ ಧೂಳೊರೆಸಿ, ನೀರು ಚಿಮುಕಿಸಿ, ಮೊದಲ ಹೂವನ್ನು ನನ್ನ ತುದಿಗಿಟ್ಟು ಕೈಮುಗಿಯುತ್ತಾಳೆ. ದುಡಿಯುವ ಜಾಗಕ್ಕೆ ಕೈಮುಗಿಯುವುದು ಅವಳ ವಾಡಿಕೆ.

ಜಾಗ ಕಿತ್ತುಕೊಂಡವನಿಗೇ ಹೂವು! ಬೇಡವ್ವ ಎನ್ನಲು ನನಗೆ ಬಾಯಿಲ್ಲ.