ಬೇರಿಗೆ ಕೆಲಸ ಕೊಟ್ಟ ಅಪ್ಪ

ನೀವೇ ಹೇಳಿ, ಮುದ್ದು ಮಾಡಿ ಬೆಳೆಸಿದ ಸಸಿ ಹೊಲಕ್ಕೆ ನೆಟ್ಟ ಕೂಡಲೇ ತಲೆ ಬಗ್ಗಿಸಿದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಸಸಿಯಕ್ಕನಿಗೂ ಉರಿದಿತ್ತು. ಸಸಿ ಬೆಳೆಸಿ ಮಾರುವುದು ಅವಳ ಕಸುಬು, ಅದಕ್ಕೇ ಆ ಹೆಸರು. ತೀರಿಹೋದ ಅಪ್ಪ ಜೋಪಾನ ಮಾಡಿಕೊಂಡು ಬಂದಿದ್ದ ಟೊಮೆಟೊ ತಳಿಯ ಸಸಿಗಳೆಲ್ಲ ಹೋದ ಬೇಸಿಗೆಯಲ್ಲಿ ಒಣಗಿಹೋಗಿದ್ದವು. ಡಬ್ಬಿಯ ತಳದಲ್ಲಿದ್ದ ಕೊನೆಯ ಬೀಜಗಳನ್ನು ಈ ಸಲ ಬಿತ್ತಿದ್ದಳು. ಇವೂ ಹೋದರೆ ಅಪ್ಪನ ಟೊಮೆಟೊ ಮುಗಿದಂತೆಯೇ.

ಆ ಹೆದರಿಕೆಗೆ ಬೆಳಿಗ್ಗೆ, ಸಂಜೆ ನೀರಿನ ಝಾರಿ ಹಿಡಿದೇ ಇರುತ್ತಿದ್ದಳು. ಸಸ್ಯ ಸಂಶೋಧನಾಲಯದಲ್ಲಿ ಕೆಲಸ ಮಾಡುವ ನಾದಿನಿ ರಜೆಗೆ ಬಂದವಳು ನೋಡಿ ನಕ್ಕಳು.

“ಅತ್ತಿಗೆ, ಇವಕ್ಕೆ ಸ್ನಾನ ಮಾಡಿಸ್ತಾ ಇದೀರಾ?”

“ನಗ್ತೀಯೇನೇ? ಬಾಯಾರಿ ಸತ್ರೆ ಬೀಜ ನೀನು ತಂದುಕೊಡ್ತೀಯಾ?”

ನಾದಿನಿ ಒಂದು ಸಸಿಯ ಚೀಲವನ್ನು ಮೆಲ್ಲಗೆ ಬಿಡಿಸಿದಳು. ಬೇರುಗಳೆಲ್ಲ ಮೇಲ್ಮಣ್ಣಿನಲ್ಲೇ ಸುತ್ತಿಕೊಂಡಿದ್ದವು. ಕೆಳಗೆ ಬರೀ ಮಣ್ಣು.

“ಕೂತಲ್ಲಿಗೇ ಊಟ ಬಂದ್ರೆ ಯಾರು ಎದ್ದು ಹೋಗ್ತಾರೆ ಹೇಳಿ?”

“ಬೇರಿಗೆ ಅಷ್ಟೆಲ್ಲಾ ಬುದ್ಧಿ ಇರುತ್ತಾ? ಸುಮ್ನೆ ಕಾಗೆ ಹಾರಿಸ್ಬೇಡ.”

“ಕೇಳಿ ಅತ್ತಿಗೆ. ಗಿಡದ ಒಳಗೆ ‘ಇದು ಮಾಡು, ಅದು ಮಾಡು’ ಅನ್ನೋ ಸಂದೇಶಗಳು ಓಡಾಡ್ತಾನೇ ಇರ್ತವೆ. ಅಲ್ಲೇ ಚಿಕ್ಕ ಚಿಕ್ಕ ಆರ್‌ಎನ್‌ಎ ತುಣುಕುಗಳೂ ಇರ್ತವೆ. ಅವು ಕೆಲವು ಸಂದೇಶಗಳ ಬಾಯಿ ಮುಚ್ಚಿಸ್ತವೆ. ಅಡುಗೆಮನೇಲಿ ಅಜ್ಜಿ ಬಂದು ‘ಅದು ಸಾಕು, ಇಳಿಸು’ ಅಂತಿರಲಿಲ್ವಾ, ಹಾಗೆ. ನೀರು ಕಮ್ಮಿ ಆದ್ರೆ, ಮಣ್ಣಲ್ಲಿ ಉಪ್ಪು ಹೆಚ್ಚಾದ್ರೆ, ಯಾವುದನ್ನ ನಿಲ್ಲಿಸ್ಬೇಕು ಅನ್ನೋದೂ ಬದಲಾಗುತ್ತೆ. ಬೇರು ಎಷ್ಟು ಉದ್ದ ಹೋಗ್ಬೇಕು, ಎಲ್ಲಿ ಕವಲೊಡೀಬೇಕು ಅನ್ನೋದ್ರಲ್ಲಿ ಅವುಗಳ ಕೈ ಇದೆ. ಎಲ್ಲಾ ಅವುಗಳದ್ದೇ ಅಲ್ಲ, ನಾವೂ ಇನ್ನೂ ಕಲೀತಾ ಇದೀವಿ. ಆದ್ರೆ ನೀವು ಕೊರತೇನೇ ತೋರಿಸ್ದೆ ಇದ್ರೆ ಗಿಡಕ್ಕೆ ಹೇಗೆ ಗೊತ್ತಾಗ್ಬೇಕು?”

ಸಸಿಯಕ್ಕ ಝಾರಿ ಕೆಳಗಿಟ್ಟಳು. ಅಪ್ಪ ನೆನಪಾದ. ಮಾರುವ ಮುಂಚೆ ಅವನು ಸಸಿಗಳನ್ನು ಬಿಸಿಲಿಗೆ ಸರಿಸಿ, ಬೇಕೆಂದೇ ನೀರು ತಡ ಮಾಡುತ್ತಿದ್ದ. ಪುಟ್ಟ ಮಗಳು ಅಂಗಿ ಜಗ್ಗಿ “ಪಾಪ ಅಪ್ಪಾ” ಎಂದರೆ, ಮಣ್ಣು ಮೆತ್ತಿದ ಕೈಯಲ್ಲೇ ಗಲ್ಲ ಹಿಡಿದು, “ಸುಮ್ನಿರು ಮಗಳೇ, ಅವು ಕೆಳಗಡೆ ಕೆಲಸ ಮಾಡ್ತಿವೆ” ಎನ್ನುತ್ತಿದ್ದ. ಆ ಕೈಯ ಒರಟು ಈಗಲೂ ಕೆನ್ನೆಗೆ ಗೊತ್ತು. ಅದನ್ನೆಲ್ಲ ಅವಳು ನಾದಿನಿಗೆ ಹೇಳಿದಳು.

“ಅಪ್ಪನಿಗೆ ನಿನ್ನ ಆರ್‌ಎನ್‌ಎ ಎಲ್ಲಾ ಗೊತ್ತಿರಲಿಲ್ಲ ಕಣೇ.”

“ಅವರ ಸಸಿಗೆ ಗೊತ್ತಿತ್ತಲ್ಲ ಅತ್ತಿಗೆ!”

ಅಂದಿನಿಂದ ಅವಳು ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರಷ್ಟೇ ಚೀಲದ ತಳ ಮುಟ್ಟುವಂತೆ ನೀರು ಕೊಟ್ಟಳು. ಕೈ ತಡೆದುಕೊಳ್ಳುವುದು ಪ್ರಾಣಸಂಕಟ! ಆದರೆ ಎಲೆ ಸೊರಗುವ ಮಟ್ಟಕ್ಕೆ ಎಂದೂ ಬಿಡಲಿಲ್ಲ. ಹೊಲಕ್ಕೆ ನೆಟ್ಟ ಮೇಲೆ ಬಿಸಿಲು ಅಬ್ಬರಿಸಿತು. ಮಧ್ಯಾಹ್ನ ಸಸಿಗಳು ತುಸು ಬಾಡಿದವು, ಸಂಜೆಗೆ ಎದ್ದು ನಿಂತವು.

ಮೊದಲ ಹಣ್ಣನ್ನು ಅವಳು ಹೊಲದಲ್ಲೇ ನಿಂತು ಕಚ್ಚಿದಳು. ಅದೇ ಹುಳಿ, ಹಿಂದೆಯೇ ಬರುವ ಅದೇ ಸಿಹಿ. ಅಳುತ್ತಲೇ ಬೀಜಗಳನ್ನು ಅಂಗೈಗೆ ಉಗುಳಿಕೊಂಡಳು.

ನೀವೂ ಸಸಿ ಬೆಳೆಸುತ್ತೀರಾ? ನೆಡುವ ಮುಂಚೆ ನೀರನ್ನು ಒಮ್ಮೆಲೇ ನಿಲ್ಲಿಸಬೇಡಿ, ಮೆಲ್ಲಮೆಲ್ಲಗೆ ಕಡಿಮೆ ಮಾಡಿ. ಕೊಟ್ಟಾಗ ಆಳಕ್ಕೆ ಇಳಿಯುವಂತೆ ಕೊಡಿ. ಕೈ ಕಟ್ಟಿ ನಿಲ್ಲುವುದು ಕಷ್ಟ, ಗೊತ್ತು. ಆದರೂ ನಿಲ್ಲಿ. ನೀವಿಲ್ಲದ ದಿನ ಗಿಡವನ್ನು ಉಳಿಸುವುದು ಅದರ ಬೇರು.