ನನ್ನ ಗಂಡನನ್ನು ಬಿಡಿ

ಲಕ್ಷ್ಮೀಕಾಂತನನ್ನು ಪೊಲೀಸರು ಭದ್ರಾವತಿಯ ಕಾರ್ಖಾನೆಯ ಗೇಟಿನಲ್ಲೇ ಹಿಡಿದರು. ಬೆಳಗಿನ ಪಾಳಿ ಮುಗಿದು ಸೈರನ್ ಕೂಗಿತ್ತು. ನೂರಾರು ಜನ ನೋಡುತ್ತಿದ್ದಂತೆ ಇಬ್ಬರು ಪೇದೆಗಳು ಅವನ ಸೈಕಲ್ಲನ್ನು ಕಸಿದು ಗೋಡೆಗೆ ಒರಗಿಸಿ, ಅವನನ್ನು ವ್ಯಾನಿಗೆ ಹತ್ತಿಸಿದರು. ಅದು ೧೯೫೮ರ ಮಾರ್ಚ್. ಅವನಿಗೂ ಜಹಾನಾರಾಗೂ ಮದುವೆಯಾಗಿ ಆಗ ಹನ್ನೊಂದು ದಿನ.

ಅವನು ಶಿವಮೊಗ್ಗದ ಕೋಟೆಯಲ್ಲಿ ಸಂಸ್ಕೃತ ಪಾಠ ಹೇಳುವ ಗೋವಿಂದಯ್ಯನವರ ಮಗ. ಅವಳು ಸವಳಂಗ ರಸ್ತೆಯಲ್ಲಿ ಲಾರಿ ರಿಪೇರಿ ಮಾಡುವ ರಸೂಲ್ ಸಾಬರ ಮಗಳು. ಟ್ರೈನಿಂಗಿಗೆಂದು ಬೆಂಗಳೂರಿಗೆ ಹೋದವನು ಅಲ್ಲಿಯೇ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಟೀಸು ಕೊಟ್ಟು, ತಿಂಗಳು ಕಳೆದ ಮೇಲೆ ಅವಳನ್ನು ಕರೆಸಿಕೊಂಡು ಸಹಿ ಹಾಕಿದ. ಹಿಂದಿರುಗಿ ಬಂದಾಗ ಭದ್ರಾವತಿಯಲ್ಲಿ ಅವರಿಗೆ ಮನೆ ಕೊಡುವವರು ಯಾರೂ ಇರಲಿಲ್ಲ. ಕೊನೆಗೆ ಹಿತ್ತಲ ಕೋಣೆ ಬಿಟ್ಟುಕೊಟ್ಟವಳು ಫ್ರೀಡಮ್ಮ.

ಫ್ರೀಡಮ್ಮನ ನಿಜವಾದ ಹೆಸರು ಎಲ್ಫ್ರೀಡ. ಜರ್ಮನಿಯವಳು. ಗಂಡ ಸೀಗ್ಬರ್ಟ್ ಯೆಹೂದಿ, ಎರಕದ ಕೆಲಸ ಬಲ್ಲ ಇಂಜಿನಿಯರು. ಯುದ್ಧ ಮುಗಿದ ಮೇಲೆ ಕಾರ್ಖಾನೆ ಅವನನ್ನು ಕರೆಸಿಕೊಂಡಿತ್ತು. ಅವನ ಕೈಕೆಳಗೆ ಲಕ್ಷ್ಮೀಕಾಂತ ಆರು ವರ್ಷ ದುಡಿದಿದ್ದ. ಎರಡು ವರ್ಷದ ಕೆಳಗೆ ಸೀಗ್ಬರ್ಟ್ ತೀರಿಕೊಂಡ. ಹೆಂಡತಿ ಊರಿಗೆ ಮರಳಲಿಲ್ಲ. ಅಡುಗೆಯ ಚಿನ್ನಮ್ಮನಿಂದ ಕಲಿತ ಕನ್ನಡದಲ್ಲೇ ಬದುಕು ನಡೆಸುತ್ತಿದ್ದಳು.

ಸುದ್ದಿ ತಂದವಳೂ ಚಿನ್ನಮ್ಮನೇ. ಫ್ರೀಡಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಕಾರ್ಖಾನೆಯಿಂದಾನಾ ಹಿಡಿದಿದ್ದು?"

"ಹೌದ್ರಮ್ಮಾ, ಗೇಟಲ್ಲೇ. ಹುಡುಗಿಗೆ ಹದಿನಾರು ವರ್ಷ, ಹಾರಿಸ್ಕೊಂಡ್ ಹೋದ ಅಂತ ಕಂಪ್ಲೇಂಟಂತೆ. ಅವರಪ್ಪ, ಇವರಪ್ಪ, ಇಬ್ರೂ ಒಂದೇ ಜಟಕಾದಲ್ಲಿ ಶಿವಮೊಗ್ಗದ ಠಾಣೆಗೆ ಬಂದಿದ್ರಂತೆ. ಅಲ್ಲೇ ಇಟ್ಟಿದಾರಂತೆ."

ಜಹಾನಾರಾಗೆ ಇಪ್ಪತ್ತೆರಡು ವರ್ಷ. ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟದ ಆ ಇಬ್ಬರು ತಂದೆಯರು ಒಟ್ಟಿಗೆ ಕೂತು ಬಂದರೆಂಬುದನ್ನು ಕೇಳಿ ಅವಳಿಗೆ ನಗು ಬಂತು.

"ಚಪ್ಪಲಿ ಹಾಕು. ಹೋಗಿ ನಿಲ್ಲೋಣ," ಎಂದಳು ಫ್ರೀಡಮ್ಮ.

"ಎಲ್ಲಿ?"

"ಅವನನ್ನ ಇಟ್ಟಿರೋ ಕಡೆ. ಬಾಗಿಲ ಎದುರಿಗೆ."

ಶಿವಮೊಗ್ಗದ ಬಸ್ಸಿನಲ್ಲಿ ಅವಳು ಬರ್ಲಿನ್ನಿನ ಕತೆ ಹೇಳಿದಳು. ಹದಿನೈದು ವರ್ಷದ ಹಿಂದೆ ಸೀಗ್ಬರ್ಟನನ್ನೂ ಹೀಗೆಯೇ ಕಾರ್ಖಾನೆಯಿಂದ ಎಳೆದುಕೊಂಡು ಹೋಗಿದ್ದರು. ಅವನಂಥ ಗಂಡಸರನ್ನೆಲ್ಲ ಒಂದು ಸಣ್ಣ ಬೀದಿಯ ಕಟ್ಟಡದಲ್ಲಿ ತುಂಬಿದ್ದರು. ಅವರ ಹೆಂಡತಿಯರು ಯೆಹೂದಿಗಳಲ್ಲ, ಆ ಮದುವೆಯ ಬಲದಿಂದಲೇ ಗಂಡಂದಿರು ಅಲ್ಲಿಯವರೆಗೆ ಬದುಕಿ ಉಳಿದಿದ್ದರು. ಬಿಟ್ಟುಬಿಡಿ, ಡೈವೋರ್ಸ್ ಮಾಡಿ ಎಂದು ವರ್ಷಗಟ್ಟಲೆ ಅಧಿಕಾರಿಗಳು ಪೀಡಿಸಿದರೂ ಗಂಡನನ್ನು ಬಿಡದ ಹೆಂಗಸರು. ಒಬ್ಬೊಬ್ಬರಾಗಿ ಬಂದು ಆ ಬೀದಿಯಲ್ಲಿ ನಿಂತರು. ಆಮೇಲೆ ನೂರಾರು ಜನವಾದರು. ನಮ್ಮ ಗಂಡಂದಿರನ್ನು ಕೊಡಿ ಎಂದು ಕೂಗಿದರು. ಗುಂಡು ಹಾರಿಸುತ್ತೇವೆ ಎಂದಾಗ ಚದುರಿದರು, ಮತ್ತೆ ಬಂದು ನಿಂತರು.

"ಆಮೇಲೆ?"

"ಒಂದು ವಾರ. ಬಿಟ್ಟರು. ಸೀಗ್ಬರ್ಟ್ ಮನೆಗೆ ಬಂದ." ಫ್ರೀಡಮ್ಮ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. "ಹಿಟ್ಲರನೇ ಬಿಟ್ಟ. ಇವರು ಬಿಡಲ್ವಾ?"

ಠಾಣೆಯ ಎದುರಿನ ಬೇವಿನ ಮರದ ಕೆಳಗೆ ಇಬ್ಬರೂ ನಿಂತರು. ಮೊದಲ ದಿನ ಜನ ನೋಡಿಕೊಂಡು ಹೋದರು, ಕೆಲವರು ನೋಡುವುದಕ್ಕೆಂದೇ ಮತ್ತೆ ಬಂದರು. ಎರಡನೆಯ ದಿನ ಚಿನ್ನಮ್ಮ ಕಾರ್ಖಾನೆ ಕೂಲಿಗಾರರ ಮನೆಗಳ ಲೈನಿನಿಂದ ಆರು ಹೆಂಗಸರನ್ನು ಕರೆತಂದಳು. ತಮಿಳರು, ತೆಲುಗರು. ಅವರ ಗಂಡಂದಿರ ಅರ್ಜಿಗಳನ್ನು ಲಕ್ಷ್ಮೀಕಾಂತ ಬರೆದುಕೊಡುತ್ತಿದ್ದ. "ನನ್ನ ಗಂಡನನ್ನು ಬಿಡಿ" ಎಂದು ಜಹಾನಾರಾ ಕೂಗಿದಳು. ಮೊದಲ ಸಲ ದನಿಯೇ ಏಳಲಿಲ್ಲ. ಮೂರನೆಯ ಸಲಕ್ಕೆ ಉಳಿದ ಎಂಟು ಹೆಂಗಸರ ದನಿಯೂ ಸೇರಿ ಅಂಗಡಿಯವರು ರಸ್ತೆಗಿಳಿದರು. ಪೇದೆಯೊಬ್ಬ ಬಚ್ಚಲ ನೀರು ತಂದು ಅವರ ಕಾಲಿನ ಮೇಲೆ ಎರಚಿದ. ಯಾರೂ ಅಲುಗಲಿಲ್ಲ.

ಆ ಮಧ್ಯಾಹ್ನ ಅವಳ ತಾಯಿ ಅಖ್ತರ್ ಬೀ ಬುರ್ಖಾ ಹಾಕಿಕೊಂಡು ಒಬ್ಬಳೇ ರಸ್ತೆ ದಾಟಿ ಬಂದಳು. ಹೆಂಗಸರು ಜಾಗ ಬಿಟ್ಟರು. ಅಮ್ಮ ತನ್ನ ಪಕ್ಕ ನಿಲ್ಲುತ್ತಾಳೆಂದು ಜಹಾನಾರಾ ಕಣ್ಣು ತುಂಬಿಕೊಂಡಳು. ಅಖ್ತರ್ ಬೀ ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಮೊದಲು ಎಡಗಿವಿಯ, ಆಮೇಲೆ ಬಲಗಿವಿಯ ಓಲೆ ಬಿಚ್ಚಿಕೊಂಡಳು.

"ಇದು ನಮ್ಮಮ್ಮಂದು," ಎಂದಳು. "ಸತ್ತೋರ ಕಿವೀಲಿ ಬಿಡೋದಿಲ್ಲ ನಾವು."

ಹಾಗೆ ಹೇಳಿ ಬಂದ ದಾರಿಯಲ್ಲೇ ಹೋದಳು.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಇನ್ಸ್‌ಪೆಕ್ಟರು ಜಗಲಿಗೆ ಬಂದರು. ಹಿಂದೆ ಲಕ್ಷ್ಮೀಕಾಂತ, ಅವನ ಹಿಂದೆ ಗೋವಿಂದಯ್ಯ. ಲಕ್ಷ್ಮೀಕಾಂತ ಮಡಿ ಪಂಚೆ ಉಟ್ಟಿದ್ದ. ತಲೆ ಬಾಚಿಕೊಂಡಿದ್ದ.

"ಏನಪ್ಪಾ, ಈ ಹುಡುಗಿ ನಿನ್ನ ಹೆಂಡ್ತಿ ಅಂತ ಮೂರು ದಿನದಿಂದ ಬೀದಿ ರಂಪ ಮಾಡ್ತಿದಾಳೆ. ನೀನೇ ಹೇಳ್ಬಿಡು," ಎಂದರು ಇನ್ಸ್‌ಪೆಕ್ಟರು.

ಅವನು ಬೇವಿನ ಮರದ ಬುಡ ನೋಡುತ್ತ ಹೇಳಿದ. "ನನಗೆ ಮದುವೆ ಆಗಿಲ್ಲ. ಇವರಿಗೂ ನನಗೂ ಸಂಬಂಧ ಇಲ್ಲ."

ಜಹಾನಾರಾ ರಸ್ತೆಯ ನಡುವಿನವರೆಗೆ ನಡೆದಳು. "ಹೊಡೆದ್ರಾ ನಿನ್ನ?"

ಅವನು ತಲೆಯಾಡಿಸಿದ. ಇಲ್ಲ.

"ನಿಜ ಹೇಳು. ಹೊಡೆದ್ರಾ?"

"ಇಲ್ಲ. ಅಮ್ಮ ಊಟ ಬಿಟ್ಟಿದಾರೆ."

ಹೊಡೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅವಳಿಗೆ ಅನ್ನಿಸಿತು. ಅಪ್ಪ ಮಗ ಜಟಕಾ ಹತ್ತಿದರು. ಲೈನಿನ ಹೆಂಗಸರಲ್ಲಿ ಒಬ್ಬಳು ಉಗುಳಿದಳು. ಅದು ಯಾರ ಕಡೆಗೆಂದು ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಜಹಾನಾರಾ ಫ್ರೀಡಮ್ಮನ ಎದುರು ನಿಂತಳು. "ಸುಳ್ಳು ಹೇಳಿದ್ರಿ ನೀವು. ನಿಂತ್ರೆ ಬರ್ತಾರೆ ಅಂದ್ರಿ."

"ಸೀಗ್ಬರ್ಟ್ ಬಂದ. ಅದು ಸುಳ್ಳಲ್ಲ." ಫ್ರೀಡಮ್ಮ ಕುರ್ಚಿಯಲ್ಲಿ ಕುಸಿದಳು. "ಆದ್ರೆ ಅವನಿಗೆ ತಂಗಿ ಇದ್ದಳು, ರೂತ್. ಅವಳಿಗೆ ಮದುವೆ ಇಲ್ಲ. ಅದೇ ವಾರ ಬೇರೆ ಕಟ್ಟಡಕ್ಕೆ ಒಯ್ದರು. ಆ ಬಾಗಿಲಲ್ಲಿ ಯಾರೂ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ, ನೆನಪೇ ಆಗಲಿಲ್ಲ. ಸೀಗ್ಬರ್ಟ್ ಮನೆಗೆ ಬಂದು, ಕೋಟು ಬಿಚ್ಚದೆ ಕೇಳಿದ, ರೂತ್ ಎಲ್ಲಿ? ಅಷ್ಟರಲ್ಲಿ ಅವಳನ್ನ ಸಾವಿನ ಕ್ಯಾಂಪಿಗೆ ಒಯ್ಯೋ ರೈಲು ಹೋಗಿತ್ತು. ಆಮೇಲೆ ಹದಿಮೂರು ವರ್ಷ ನನ್ನ ಜೊತೆ ಇದ್ದ. ನನಗೋಸ್ಕರ ನೀನು ನಿಂತೆಯಲ್ಲ ಅಂತ ಒಂದು ಸಲವೂ ಹೇಳಲಿಲ್ಲ."

ಜಹಾನಾರಾ ಅವಳಿಗೆ ಸಮಾಧಾನ ಹೇಳಲಿಲ್ಲ. ಹಿತ್ತಲ ಕೋಣೆಗೆ ಹೋಗಿ ಮಲಗಿದಳು. ಎಂಟು ದಿನವಾದ ಮೇಲೆ ಎದ್ದು ಫ್ರೀಡಮ್ಮನ ಹೊಲಿಗೆಯಂತ್ರದ ಮುಂದೆ ಕೂತಳು. ಕಾರ್ಖಾನೆ ಲೈನಿನ ರವಿಕೆಗಳೆಲ್ಲ ಅವಳ ಕೈಗೆ ಬರತೊಡಗಿದವು. ಲಕ್ಷ್ಮೀಕಾಂತ ಭದ್ರಾವತಿಯ ಕೆಲಸ ಬಿಟ್ಟು ಶಿವಮೊಗ್ಗದ ಯಾವುದೋ ಆಫೀಸು ಸೇರಿದನೆಂದು ಕೇಳಿದಳು.

೧೯೬೧ರ ಬೇಸಿಗೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಅಪ್ಪ ಮಗ ಇಬ್ಬರೂ ಫ್ರೀಡಮ್ಮನ ಗೇಟಿಗೆ ಬಂದರು. ತೀರ್ಥಹಳ್ಳಿಯ ಕಡೆ ಹೆಣ್ಣು ಗೊತ್ತಾಗಿತ್ತು. ಆದರೆ ಬೆಂಗಳೂರಿನ ರಿಜಿಸ್ಟರಿನಲ್ಲಿ ಮದುವೆ ಹಾಗೆಯೇ ಇತ್ತು. ಅದಿರುವಾಗ ಇನ್ನೊಂದಾದರೆ ಜೈಲು ಎಂದು ವಕೀಲರು ಹೆದರಿಸಿದ್ದರು. ಮೂರು ವರ್ಷವಾಗಿದೆ, ಇಬ್ಬರೂ ಒಪ್ಪಿ ಸಹಿ ಹಾಕಿದರೆ ಕೋರ್ಟು ಬಿಡುಗಡೆ ಕೊಡುತ್ತದೆ.

"ಒಂದು ಸಹಿ ತಾಯೀ," ಎಂದರು ಗೋವಿಂದಯ್ಯ. ಮೂರು ವರ್ಷದಲ್ಲಿ ಬಹಳ ಮುದುಕರಾಗಿದ್ದರು. "ನಾನು ಮಾಡಿದ್ದು ತಪ್ಪು. ನನಗೆ ಇವನೊಬ್ಬನೇ ಗಂಡು ಮಗ."

ಜಹಾನಾರಾ ಕಾಗದವನ್ನು ತಿರುಗಿಸಿ ಲಕ್ಷ್ಮೀಕಾಂತನ ಕೈಗೆ ಕೊಟ್ಟಳು. "ನೀನು ಓದು."

"ನಿನಗೆ ಓದೋಕೆ ಬರುತ್ತಲ್ಲ."

"ಜೋರಾಗಿ ಓದು. ಆಮೇಲೆ ನೋಡ್ತೀನಿ."

ಹಾಲಿನವನು, ನಲ್ಲಿಯ ಹತ್ತಿರದ ಹೆಂಗಸರು, ಚಿನ್ನಮ್ಮ ಎಲ್ಲರೂ ನಿಂತು ನೋಡುತ್ತಿದ್ದರು. ಅವನು ಓದಿದ. "ಲಕ್ಷ್ಮೀಕಾಂತನಾದ ನಾನು, ಕಾನೂನುಬದ್ಧವಾಗಿ ಮದುವೆಯಾದ ನನ್ನ ಹೆಂಡತಿ ಜಹಾನಾರಾ..." ಅಲ್ಲಿಗೆ ಅವನ ದನಿ ಒಡೆಯಿತು.

"ಕೇಳಿಸ್ಲಿಲ್ಲ. ಇನ್ನೊಂದು ಸಲ."

ಅವನು ಇನ್ನೊಂದು ಸಲ ಓದಿದ. ಅವಳು ಕಾಗದ ತೆಗೆದುಕೊಂಡು, ಮಡಿಕೆ ಕೆಡದಂತೆ ಮಡಿಚಿ, ಗೋವಿಂದಯ್ಯನವರ ಕೈಗೆ ಹಿಂದಿರುಗಿಸಿದಳು.

"ಇಷ್ಟು ಹೇಳಿಸ್ಬೇಕಿತ್ತು. ಸಹಿ ಹಾಕಲ್ಲ."

"ತಾಯೀ..."

"ನಾನು ಹೆಂಡ್ತಿ. ಹೆಂಡ್ತಿಯಾಗೇ ಇರ್ತೀನಿ. ಮದುವೆ ಮಾಡಿ ನೋಡಿ, ಅದೇ ಬೇವಿನ ಮರದ ಕೆಳಗೆ ಬಂದು ನಿಲ್ತೀನಿ. ಆಗ ಬೇರೆ ಮಾತು ಕೂಗ್ತೀನಿ."

ಮುದುಕರು ಗೇಟಿನ ಸರಳು ಹಿಡಿದು ನಿಂತೇ ಇದ್ದರು. ಮಗ ತೋಳು ಹಿಡಿದು ಕರೆದುಕೊಂಡು ಹೋಗಬೇಕಾಯಿತು.

ಫ್ರೀಡಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಹಾಕಿಬಿಡು ಮಗಳೇ. ಇದು ನಿನಗೂ ಹಗ್ಗ."

"ನೀವು ಹಾಕಿದ್ರಾ?"

"ನಾನು ಹಾಕಲಿಲ್ಲ, ಅವನು ಬದುಕಲಿ ಅಂತ."

"ನಾನು ಹಾಕಲ್ಲ, ಇವನು ಬದುಕದೇ ಇರ್ಲಿ ಅಂತ."

ಆ ದಿನ ಇಬ್ಬರೂ ಬೇರೆ ಬೇರೆ ಊಟ ಮಾಡಿದರು. ಚಿನ್ನಮ್ಮ ಎರಡು ಸಲ ಬಡಿಸಿದಳು.

ತೀರ್ಥಹಳ್ಳಿಯವರು ಆಷಾಢಕ್ಕೆ ಮುಂಚೆಯೇ ಬೇರೆ ವರನಿಗೆ ಹುಡುಗಿಯನ್ನು ಕೊಟ್ಟರು. ಮರುವರ್ಷ ಗೋವಿಂದಯ್ಯ ತೀರಿಕೊಂಡರು. ಲಕ್ಷ್ಮೀಕಾಂತ ಮತ್ತೆರಡು ಸಲ ಗೇಟಿನವರೆಗೆ ಬಂದ. ಮೊದಲ ಸಲ ಕಾಗದ ತಂದಿದ್ದ. ಎರಡನೆಯ ಸಲ ಕೈಯಲ್ಲಿ ಏನೂ ಇರಲಿಲ್ಲ. ಅವಳನ್ನು ಹೆಸರು ಹಿಡಿದು ಕರೆದ. ಜಹಾನಾರಾ ಯಂತ್ರ ತುಳಿಯುತ್ತಲೇ ಇದ್ದಳು. ಅವನು ಹೋಗುವ ತನಕ ಕಾಲು ನಿಲ್ಲಿಸಲಿಲ್ಲ. ಆಮೇಲೆ ನೋಡಿದರೆ ದಾರ ಮುಗಿದು ಎಷ್ಟೋ ಹೊತ್ತಾಗಿತ್ತು. ಬಟ್ಟೆಯ ತುಂಬ ಬರೀ ತೂತುಗಳಿದ್ದವು.