ಹೋಳಿನೊಳಗೆ ಇಲ್ಲದ ತೂಬು

ಅಪಾಯದ ಕೆಂಪು ಎಲ್ಲೂ ಇಲ್ಲ, ಈ ಸಲವೂ ಇಲ್ಲ, ಕಂಪ್ಯೂಟರ್ ಪರದೆಯ ಮೇಲೆ ಕೆರೆ ಏರಿಯ ಹೋಳು ನೀಲಿ, ಹಸಿರು, ಬುಡದಲ್ಲಿ ಒಂದಿಷ್ಟು ಹಳದಿ, ಸುರಕ್ಷತೆಯ ಅಂಕಿ 1.62, ಒಂದೂವರೆ ದಾಟಿದರೆ ಸಾಕು, ನಾಲ್ಕನೇ ಸಲ ಲೆಕ್ಕ ಓಡಿಸಿದರೂ 1.62, ಜರಿದು ಹೋದ ಏರಿ ಇಲ್ಲಿ ಮಾತ್ರ ಗಟ್ಟಿಯಾಗಿ ನಿಂತಿದೆ, ನೀರುಗಂಟಿ ಲಿಂಗಯ್ಯನವರು ಅದರ ಮಣ್ಣಡಿ ಸಿಕ್ಕು ಸತ್ತು ಇವತ್ತಿಗೆ ಹತ್ತೊಂಬತ್ತು ದಿನ — ಕಿಟಕಿಯಾಚೆ ಹುಣಸೂರಿನ ಬಿಸಿಲು, ಹೊಗೆಸೊಪ್ಪು ಹೇರಿದ ಲಾರಿ ಹಾರ್ನ್ ಹೊಡೆಯುತ್ತಿದೆ, ಹೊಡೆಯಲಿ, ಮೂರು ಗಂಟೆಯೊಳಗೆ ವರದಿ ಹೋಗಬೇಕು, ವಿರೂಪಾಕ್ಷ ಸರ್ ಬಾಗಿಲಲ್ಲೇ ನಿಂತು ಹೇಳಿ ಹೋದರು, ಲೆಕ್ಕ ಸರಿಯಾಗೇ ಇದೆಯಲ್ಲ ಸೌಂದರ್ಯ, ನೀರುಗಂಟಿ ಟೈಮಿಗೆ ತೂಬು ಎತ್ತಲಿಲ್ಲ, ಕೆರೆ ತುಂಬಿ ಏರಿ ಜರಿದು ಹೋಯ್ತು, ಅಷ್ಟು ಬರ್ದು ಕಳ್ಸಿಬಿಡಿ. ಲೆಕ್ಕ ಸರಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ ಪಾಪ, ನಾನು ಕೇಳಿದ್ದು ಒಂದೇ ಮೀಟರಿನ ಬಗ್ಗೆ, ಮಿಕ್ಕ ಎಂಟುನೂರು ಮೀಟರೂ ಹೀಗೇ ಇದೆ ಎಂದು ಅದಕ್ಕೆ ಹೇಳಿದವಳೂ ನಾನೇ, ಪ್ಲೇನ್ ಸ್ಟ್ರೇನ್, ಉದ್ದನೆಯ ಏರಿಗೆ ಎಲ್ಲರೂ ಹಾಗೇ ಮಾಡುತ್ತಾರೆ, ಅಡ್ಡಕ್ಕೆ ಕೊಯ್ದ ಒಂದು ಹೋಳು ನೋಡಿದರೆ ಆಯಿತು, ಉದ್ದದ ದಿಕ್ಕಿಗೆ ಏನೂ ಅಲುಗುವುದಿಲ್ಲ, ಏನೂ ಬದಲಾಗುವುದಿಲ್ಲ, ಏರಿ ಅತಿ ಎತ್ತರ ಇರುವಲ್ಲಿ ಕೊಯ್ಯಿರಿ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಅಲ್ಲೇ ಕೊಯ್ದೆ.

ಆವತ್ತು ಫೆಬ್ರವರಿ, ಈ ಲೆಕ್ಕಕ್ಕೆಂದೇ ಏರಿ ನೋಡಲು ಗಾವಡಗೆರೆ ದಾಟಿ ಸ್ಕೂಟರಿನಲ್ಲಿ ಹೋಗಿದ್ದೆ, ಲಿಂಗಯ್ಯನವರು ಏರಿ ಹತ್ತುವ ಮೊದಲು ಚಪ್ಪಲಿ ಬಿಟ್ಟರು, ಯಾಕೆ ತಾತ, ದೇವರಿದೆಯಾ ಅಂದೆ, ನಕ್ಕರು, ದ್ಯಾವ್ರೂ ಇಲ್ಲ ಏನೂ ಇಲ್ಲ ಕಣವ್ವ, ಕಾಲಿಗೆ ಗೊತ್ತಾಗ್ಬೇಕಲ್ಲ, ಮೂವತ್ತು ವರ್ಷದಿಂದ ಆ ಊರಿನ ಗದ್ದೆಗಳಿಗೆ ನೀರು ಬಿಡುವವರು, ಬರಿಗಾಲಲ್ಲಿ ನಡೆದೇ ಏರಿ ಪರೀಕ್ಷೆ ಮಾಡುವವರು — ಹಿಂಬದಿಗೆ ಇಳಿದು ಬುಡದಲ್ಲಿ ಒಂದು ಕಡೆ ನಿಂತರು, ಹಿಮ್ಮಡಿ ಊರಿದರು, ಉದ್ದಕ್ಕೂ ಒಂದೇ ತರ ಇಲ್ಲ ಕಣವ್ವ ಇದು, ಇಲ್ಲಿ ನಮ್ಮಜ್ಜನ ಕಾಲದ್ ತೂಬಿತ್ತು, ಕಲ್ ಕಿತ್ತು ಮಣ್ ತುಂಬವ್ರೆ, ನಿಮ್ ಕಂಪೂಟ್ರಿಗೆ ಇದ್ನೂ ಒಸಿ ಏಳ್ಬುಡಿ. ನಕ್ಷೆಯಲ್ಲಿ ಆ ತೂಬು ಇರಲಿಲ್ಲ, ನಕ್ಷೆಯಲ್ಲಿ ಇಲ್ಲದ್ದನ್ನು ಎಲ್ಲಿಂದ ತರಲಿ, ಸುಳ್ಳು, ಅಲ್ಲೂ ಒಂದು ಹೋಳು ಕೊಯ್ಯಬಹುದಿತ್ತು, ಅರ್ಧ ದಿನದ ಕೆಲಸ, ಆಯ್ತು ತಾತ ನೋಡ್ತೀನಿ ಅಂದೆ, ನೋಡಲಿಲ್ಲ, ಅಲ್ಲೇ ಜರಿಯಿತು, ಸರಿಯಾಗಿ ಅಲ್ಲೇ.

ಆ ಹಿಮ್ಮಡಿ, ಸೀಳು ಬಿಟ್ಟ ಹಿಮ್ಮಡಿ, ಅನ್ನ ಕಲಸುವಾಗಲೂ ಕಾಣುತ್ತದೆ, ಮೊನ್ನೆ ಅವರ ಮಗಳು ಪುಟ್ಟಿ ಬಂದಾಗಲೂ ಕಂಡಿತು, ಕುರ್ಚಿ ಎಳೆದು ಕೊಟ್ಟರೂ ಕೂರಲಿಲ್ಲ ಅವಳು, ಊರೋರೆಲ್ಲ ನಮ್ಮಪ್ಪ ಮನ್ಗಿತ್ತು, ಅದ್ಕೇ ತೂಬು ಎತ್ನಿಲ್ಲ ಅಂತಾರೆ ಮೇಡಂ, ಮನ್ಗಿದ್ರೆ ಏರಿತಾವ್ಕೆ ಯಾಕೋಯ್ತಿತ್ತು, ನೀವು ಬಂದಿದ್ ದಿನ ನಿಮ್ತಾವ ಏನಾರ ಏಳಿತ್ತಾ. ನೆನಪಿಲ್ಲ ಪುಟ್ಟಿ. ಎಷ್ಟು ಸಲೀಸಾಗಿ ಬಂತು ಬಾಯಿಗೆ, ಅವಳು ಆಯ್ತು ಬುಡಿ ಮೇಡಂ ಎಂದು ಕೈ ಮುಗಿದಳು, ನನಗೆ ಕೈ ಮುಗಿದಳು, ನಾಚಿಕೆಯಲ್ಲಿ ಸತ್ತು ಹೋಗಬೇಕು ಅನ್ನಿಸಿತು, ಸಾಯಲಿಲ್ಲ, ಟೀ ತರಿಸಿಕೊಂಡು ಕುಡಿದೆ. ಈಗ ವರದಿಯಲ್ಲಿ ಕಾರಣ ಅನ್ನುವ ಕಡೆ ನೀರುಗಂಟಿಯ ನಿರ್ಲಕ್ಷ್ಯ ಎಂದಿದೆ, ಅಳಿಸಿದೆ, ಹಳೆಯ ತೂಬಿನ ಜಾಗ ಸಡಿಲವಾಗಿದೆಯೆಂದು ಲಿಂಗಯ್ಯನವರು ಮೊದಲೇ ತಿಳಿಸಿದ್ದರು, ಯಾರಿಗೆ, ಬರೆ, ನನಗೆ, ಬರೆದೆ, ವಿರೂಪಾಕ್ಷ ಸರ್ ಏನಾದರೂ ಅನ್ನಲಿ, ಕೆಲಸ ಹೋದರೆ ಹೋಗಲಿ, ಆದರೆ ತಿಳಿಸಿದ್ದರು ಅಂದರೆ ಸಾಲದು, ಬರೀ ಬಾಯಲ್ಲಿ ಹೇಳಲಿಲ್ಲ ಅವರು, ತೋರಿಸಿದರು, ಸುತ್ತ ಮಣ್ಣೆಲ್ಲ ಒಣಗಿ ಬಿರುಕು ಬಿಟ್ಟಿತ್ತು, ಹಿಮ್ಮಡಿ ಊರಿದರು, ಎತ್ತಿದರು, ಆ ಗುರುತಿನೊಳಗೆ ಏರಿಯಡಿಯಿಂದ ಜಿನುಗಿ ನೀರು ಬಂದು ನಿಂತಿತು, ನಾನು ನೋಡಿದೆ, ಹಿಮ್ಮಡಿ ಎತ್ತಿದರು — ನೀರು ಬಂತು — ನಾನು ನೋಡಿದೆ.